ರಸಮಟ್ಟ

ಹಳದಿ ರಸದೊಳಗೆ ಕಡಲೆಕಾಳಿನಷ್ಟು ಗಾಳಿ.
ಎರಡು ಕಪ್ಪು ಗೆರೆಗಳ ನಡುವೆ ಅದು ಬಂದು ಕೂತರೆ
ಫಿಂಟನ್ ಮೆಕ್‌ಗೋಲ್ಡ್ರಿಕ್ ಉಸಿರು ಬಿಡುತ್ತಾನೆ,
ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು ಗುರುತು ಹಾಕುತ್ತಾನೆ.
ಹದಿನಾರರಲ್ಲಿ ಚಿಕ್ಕಪ್ಪ ಕೊಟ್ಟ ಪಟ್ಟಿ,
ಜೊತೆಗೊಂದು ಮಾತು: ಕಣ್ಣು ಸುಳ್ಳು ಹೇಳೀತು,
ಗುಳ್ಳೆ ಹೇಳದು.

ಐರ್ಲೆಂಡಿನ ಲೀಟ್ರಿಮ್‌ನಲ್ಲಿ ಆಗ
ಹಸುವಿನ ಗೊರಸು ಹೂಳುವ ಜೌಗಿಗೂ ಬಂಗಾರದ ಬೆಲೆ.
ನಲವತ್ತೆರಡು ಮನೆ. ಕಂಪನಿ ಇಟ್ಟ ಹೆಸರು ಹೆರನ್ ಕೋರ್ಟ್.
ಕೊಕ್ಕರೆಯೊಂದು ಅಲ್ಲಿದ್ದದ್ದು ನಿಜ,
ಮೊದಲ ಜೆಸಿಬಿ ಬಂದ ಬೆಳಿಗ್ಗೆ
ಕಾಲು ಮಡಿಸಿ ಎದ್ದು ಹೋಯಿತು.
ಬಾಗಿಲು, ಕಿಟಕಿ, ಮೆಟ್ಟಿಲು, ಮರದ್ದೆಲ್ಲ ಫಿಂಟನ್‌ನದು.
ಆ ಬೇಸಿಗೆ ಅಂಗೈಯಲ್ಲೂ ಗುಳ್ಳೆ ಎದ್ದವು;
ಸೂಜಿ ಚುಚ್ಚಿ, ನೀರು ಹಿಂಡಿ, ಮತ್ತೆ ಸುತ್ತಿಗೆ ಹಿಡಿದ.
ಬ್ಯಾಂಕಿನ ಹುಡುಗ ಕಾರಿನ ಬಾನೆಟ್ ಮೇಲೇ
ಕಾಗದ ಹರಡಿ ಸಹಿ ಹಾಕಿಸಿಕೊಂಡ:
ಇಪ್ಪತ್ತೇಳನೇ ನಂಬರು ನಿನ್ನದು.
ಬೆಲೆ ಕೇಳಿ ಅವನ ಅಕ್ಕ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.

ಅದೊಂದು ಮಂಗಳವಾರ, ಮೂವತ್ತೊಂದರ ಅಡುಗೆಮನೆ,
ಸುಣ್ಣಬಣ್ಣ ಮೆತ್ತಿದ ರೇಡಿಯೊ ಹೇಳಿತು:
ಗುಳ್ಳೆ ಒಡೆದಿದೆ.
ಫಿಂಟನ್ ತಿರುಗಿ ಕಿಟಕಿ ಹಲಗೆಯ ಮೇಲಿನ ಪಟ್ಟಿ ನೋಡಿದ.
ಒಡೆದಿರಲಿಲ್ಲ.
ಗೆರೆಗಳ ನಡುವೆ ಕೂತಿತ್ತು,
ಏನೂ ಕೇಳಿಸದ ಹಾಗೆ.

(ಅವರಿಗೆ ಎಲ್ಲಕ್ಕೂ ಒಂದೇ ಪದ, ಬಬಲ್.
ನಮ್ಮ ಗುಳ್ಳೆ ನೀರ ಮೇಲೆ ಹುಟ್ಟಿ
ವೈರಾಗ್ಯ ಕಲಿಸಿದ್ದು ಗೊತ್ತು;
ಮನೆಸಾಲ ಕೊಟ್ಟದ್ದು ನಾ ಕಾಣೆ.)

ಮಾಲೀಕ ಮಲಾಕಿ ಗಿಲ್ಹೂಲಿ
ರಾತ್ರೋರಾತ್ರಿ ಆಸ್ಟ್ರೇಲಿಯಾ ಸೇರಿದ.
ಹನ್ನೊಂದು ವಾರದ ಕೂಲಿ ಅವನ ಹಿಂದೆಯೇ ಹೋಯಿತು.
ಬಲ್ಬಿಲ್ಲದ ದೀಪದ ಕಂಬಗಳ ಸಾಲಿನಲ್ಲಿ
ಉಳಿದದ್ದು ಎರಡು ಒಲೆ:
ಇಪ್ಪತ್ತೇಳರಲ್ಲಿ ಫಿಂಟನ್,
ಒಂದನೇ ನಂಬರಿನಲ್ಲಿ ಮಲಾಕಿ ಬಿಟ್ಟುಹೋದ ಹೆಂಡತಿ ಡಿಂಪ್ನಾ,
ಕೂಲಿಯ ಲೆಕ್ಕ ಬರೆಯುತ್ತಿದ್ದವಳು.
ಹನ್ನೆರಡು ವರ್ಷ ಅವನು ಆ ಬಾಗಿಲು ದಾಟುವಾಗ
ಆಚೆ ಬದಿಯ ಬೇಲಿ ನೋಡುತ್ತಿದ್ದ.

ಆಮೇಲೆ ರೋಗ ಬಂತು. ಅದೇ ರೇಡಿಯೊ ಹೇಳಿತು:
ಒಂಟಿ ಇರುವವರು ಇನ್ನೊಂದು ಮನೆಯನ್ನು ಸೇರಿಸಿಕೊಂಡು
ಒಂದು ಗುಳ್ಳೆ ಆಗಬಹುದು.
ಸಂಜೆ ಫೋನು.
'ನಿನ್ನ ಗುಳ್ಳೆಯಲ್ಲಿ ಯಾರಿದ್ದಾರೆ, ಫಿಂಟನ್?'
ಚಿತ್ರಕತೆಯಲ್ಲಿ ಮಾತು ಬರೆಯಲು ಮರೆತ
ಬಿಳಿಯ ಗುಳ್ಳೆಯೊಂದು ಅವನ ತಲೆಯ ಮೇಲೆ ಬಹಳ ಹೊತ್ತು.
'ಹಿಂಬಾಗಿಲು ಅಂಟಿಕೊಳ್ಳುತ್ತೆ,' ಅಂದಳು ಅವಳು,
'ಹತಾರ ತಾ.'

ಚಹಾ ಸುರಿದಳು. ಮೇಲೆ ನೊರೆಗುಳ್ಳೆ ನಾಲ್ಕಾರು.
'ಒಡೆಯೋ ಮೊದಲು ಚಮಚದಲ್ಲಿ ಎತ್ತಿ ಕುಡಿ,
ದುಡ್ಡು ಬರುತ್ತೆ ಅಂತಿದ್ದಳು ಅಜ್ಜಿ.'
ಅಂದಮೇಲೆ ತಾನಂದದ್ದು ಅವಳಿಗೇ ಕೇಳಿಸಿತು.
ಕಿವಿ ಕೆಂಪಾದವು.
ಫಿಂಟನ್ ಎತ್ತಿದ, ಕುಡಿದ.
'ಹನ್ನೊಂದು ವಾರದ್ದು,' ಅಂದ. ಯಾಕೋ ನಕ್ಕ.

ಹಿಂಬಾಗಿಲು ನೋಡಿದ; ಬಾಗಿಲಿನ ತಪ್ಪಲ್ಲ.
ಪಟ್ಟಿ ತಂದು ಮೇಜಿನ ಮೇಲಿಟ್ಟ.
ಗುಳ್ಳೆ ಕಿಟಕಿಯ ಕಡೆ ಓಡಿ ತುದಿ ಹಿಡಿಯಿತು.
'ನಾ ಕಟ್ಟಿದಾಗ ನೆಟ್ಟಗಿತ್ತು.'
'ಗೊತ್ತು. ನೆಲ ಕೂತಿದೆ. ಜೌಗು.'
ಡ್ರಾಯರಿನಿಂದ ಒಂದು ಕಂದು ಲಕೋಟೆ ತೆಗೆದಳು:
ಮೇಲೆ ಅವನ ಹೆಸರು, ಅವಳ ದುಂಡಕ್ಷರ,
ಒಳಗೆ ಅಂದಿನಂತೆ ಇಂದೂ ಏನೂ ಇಲ್ಲ.
ಬರೆದಿಟ್ಟಿದ್ದೆ, ಅಷ್ಟೇ, ಅಂದಳು.

ಅವನದನ್ನು ಎರಡಾಗಿ ಮಡಿಸಿದ, ನಾಲ್ಕಾಗಿ ಮಡಿಸಿದ,
ಮೊಣಕಾಲೂರಿ ಮೇಜಿನ ಕಾಲಿನಡಿ ತುರುಕಿದ.
ಗುಳ್ಳೆ ಹೊರಟಿತು, ತಡೆಯಿತು, ಮತ್ತೆ ಹೊರಟಿತು,
ಮೊದಲ ಗೆರೆಯ ಮೇಲೆ ಅರ್ಧ ಮೈಯೊಡ್ಡಿ ನಿಂತಿತು.
'ಸಾಕು, ಏಳು,' ಅಂದಳು ಡಿಂಪ್ನಾ.
ಮೇಜಿನ ಕೆಳಗಿಂದ ಅವನ ದನಿ:
'ಸಾಲದು.
ಇನ್ನೊಂದು ಲಕೋಟೆ ಇದೆಯಾ?'